ಬೇಸಿಗೆ ರಜೆಯ ಪ್ರಯೋಗಶಾಲೆ

ವಿಜಯಪುರದ ಗೋಳಗುಮ್ಮಟದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿ ತಲುಪಿದವರೆಲ್ಲ ಮಾಡುವ ಕೆಲಸ ಒಂದೇ. ಒಬ್ಬರು ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡುತ್ತಾರೆ. ಎದುರು ಬದಿಯಲ್ಲಿ ಇನ್ನೊಬ್ಬರು ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಾರೆ. ಶಾಲಾ ಮಕ್ಕಳಾದರೆ ತಮ್ಮ ಹೆಸರನ್ನು ತಾವೇ ಕೂಗಿ, ಅದು ಎಷ್ಟು ಸಲ ಮರಳಿ ಬಂತೆಂದು ಬೆರಳು ಮಡಚಿ ಎಣಿಸುತ್ತಾರೆ. ಪ್ರವಾಸ ಮುಗಿಸಿ ಬಂದ ಮೇಲೆ ಬರೆಯುವ ಪ್ರಬಂಧದಲ್ಲಿ 'ಇದೊಂದು ಅದ್ಭುತ' ಎಂಬ ವಾಕ್ಯದೊಂದಿಗೆ ವಿಷಯ ಮುಗಿಯುತ್ತದೆ.

ಆದರೆ ಇಂಥ ಗುಮ್ಮಟಗಳನ್ನು ಕಂಡು, ಅದ್ಭುತವೆಂದು ಕೈಮುಗಿಯುವುದರ ಬದಲು 'ದನಿ ಯಾವ ದಾರಿಯಿಂದ ಬಂತು?' ಎಂದು ಕೇಳಿದವರೂ ಇದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಖಗೋಳಜ್ಞನಾಗಿದ್ದ ಜಾರ್ಜ್ ಏರಿ, ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟ ಕುರಿತು ಒಂದು ವಿವರಣೆ ಕೊಟ್ಟಿದ್ದ. ಅವನ ಪ್ರಕಾರ ಗುಮ್ಮಟದ ಒಳಮೈ ಒಂದು ಕನ್ನಡಿಯಿದ್ದಂತೆ. ಒಂದೆಡೆ ಹೊರಟ ದನಿ ಮೇಲ್ಮೈಗೆ ಬಡಿದು ಸರಿಯಾಗಿ ಎದುರಿನ ಬಿಂದುವಿನಲ್ಲಿ ಒಟ್ಟುಗೂಡುತ್ತದೆ. ಲಾರ್ಡ್ ರ್‍ಯಾಲಿ ಇದನ್ನು ಒಪ್ಪಲಿಲ್ಲ. ದನಿ ಗೋಡೆಯನ್ನೇ ತಬ್ಬಿಕೊಂಡು ಅದರ ಬಾಗಿನ ಗುಂಟ ಹರಿದು ಬರುತ್ತದೆ ಎಂಬುದು ಅವನ ವಾದ. ಯಾರ ಮಾತು ಸರಿ?

ರ್‍ಯಾಲಿ ಇದನ್ನು ತೀರ್ಮಾನಿಸಿದ್ದು ಚರ್ಚಿನಲ್ಲಲ್ಲ, ಪ್ರಯೋಗಶಾಲೆಯಲ್ಲಿ, ಒಂದು ಆಟಿಕೆಯಂಥ ಸಾಧನದಿಂದ. ಸತುವಿನ ತಗಡನ್ನು ಅರ್ಧವೃತ್ತಾಕಾರವಾಗಿ ಬಾಗಿಸಿ, ಒಂದು ತುದಿಯಲ್ಲಿ ಹಕ್ಕಿಯ ದನಿಯಂಥ ಸಣ್ಣ ಸಿಳ್ಳು ಊದಿಸಿ, ಇನ್ನೊಂದು ತುದಿಯಲ್ಲಿ ಸದ್ದಿಗೆ ಬೆದರುವ ಗ್ಯಾಸಿನ ದೀಪವಿಟ್ಟ. ಸಿಳ್ಳು ಊದಿದಾಗ ಜ್ವಾಲೆ ಅದುರಿತು. ತಗಡಿನ ಒಳಮೈಗೆ ಒತ್ತಿ ಒಂದು ಕಿರಿದಾದ ಪಟ್ಟಿಯನ್ನು ನಿಲ್ಲಿಸಿದ, ಜ್ವಾಲೆ ಸುಮ್ಮನಾಯಿತು. ನಡುವಿನ ಬಯಲಿನಲ್ಲಿ ಸದ್ದಿಗೆ ಯಾವ ಅಡ್ಡಿಯೂ ಇರಲಿಲ್ಲ, ತಡೆದದ್ದು ಗೋಡೆಯ ಅಂಚನ್ನು ಮಾತ್ರ. ಅಂದ ಮೇಲೆ ದನಿ ಬಂದದ್ದು ಗೋಡೆಯ ಗುಂಟವೇ.

1921ರಲ್ಲಿ ಇಂಗ್ಲೆಂಡಿಗೆ ಹೋದ ಸಿ.ವಿ. ರಾಮನ್, ಸಹೋದ್ಯೋಗಿ ಸದರ್‌ಲೆಂಡ್ ಅವರೊಡನೆ ಸೇಂಟ್ ಪಾಲ್ ಗುಮ್ಮಟದಲ್ಲೇ ಪ್ರಯೋಗ ನಡೆಸಿದರು. ರ್‍ಯಾಲಿಯ ವಿವರಣೆ ಬಹುಮಟ್ಟಿಗೆ ಸರಿಯಾದರೂ, ಗೋಡೆಯ ಬಳಿ ದನಿ ಒಂದೇ ಸಮನಾಗಿರದೆ ಪ್ರಬಲ ಮತ್ತು ದುರ್ಬಲ ಪಟ್ಟಿಗಳಾಗಿ ಹಂಚಿಕೊಂಡಿರುತ್ತದೆ ಎಂದು ಅವರು ಕಂಡುಕೊಂಡರು. ಭಾರತಕ್ಕೆ ಮರಳಿದ ಮೇಲೆ ಪಾಟ್ನಾದ ಗೋಲ್‌ಘರ್, ಕಲ್ಕತ್ತೆಯ ಕಟ್ಟಡಗಳು ಮತ್ತು ಗೋಳಗುಮ್ಮಟ ರಾಮನ್ನರ ಅಧ್ಯಯನಕ್ಕೆ ವಸ್ತುವಾದವು. 1656ರಲ್ಲಿ ಮುಗಿದ ಒಬ್ಬ ಸುಲ್ತಾನನ ಗೋರಿ, ಹೀಗೆ ಆಧುನಿಕ ಧ್ವನಿವಿಜ್ಞಾನದ ಪ್ರಯೋಗಶಾಲೆಯಾಯಿತು.

ಈ ಕತೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಏರಿಗೂ ರ್‍ಯಾಲಿಗೂ ನಡೆದ ವಾದವನ್ನು ಏಳನೆಯ ತರಗತಿಯ ನಾಲ್ಕು ಮಕ್ಕಳು ಗೋಳಗುಮ್ಮಟದಲ್ಲೇ ಪರೀಕ್ಷಿಸಬಹುದು. ಒಬ್ಬರು ಪಿಸುಗುಟ್ಟಲಿ, ಒಬ್ಬರು ಎದುರು ಬದಿಯಲ್ಲಿಯೂ ಉಳಿದಿಬ್ಬರು ಕಾಲು ಸುತ್ತಿನ ದೂರದಲ್ಲಿಯೂ ಗೋಡೆಗೆ ಕಿವಿಯಿಟ್ಟು ನಿಲ್ಲಲಿ. ಎದುರಿನವರಿಗೆ ಮಾತ್ರ ಕೇಳಿದರೆ ಏರಿಯ ಮಾತು ನಿಜ, ಎಲ್ಲರಿಗೂ ಕೇಳಿದರೆ ರ್‍ಯಾಲಿಯದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗೋಡೆಯ ಗುಂಟ ಅರ್ಧ ಸುತ್ತು ಬರಲು ದನಿ ಸುಮಾರು 60 ಮೀಟರ್ ಸಾಗಬೇಕು. ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಅದಕ್ಕೆ ಸೆಕೆಂಡಿನ ಆರನೆಯ ಒಂದು ಭಾಗ ಸಾಕು. ಪುಸ್ತಕದಲ್ಲಿ 'ಶಬ್ದದ ಪ್ರತಿಫಲನ' ಎಂಬ ಎರಡು ಪುಟವಾಗಿ ಕುಳಿತಿರುವ ವಿಷಯ ಆಗ ಕಿವಿಗೆ ಬಿದ್ದು, ಬುದ್ಧಿಗೆ ಇಳಿಯುತ್ತದೆ.

ಮಕ್ಕಳ ವಿಜ್ಞಾನ ಶಿಬಿರಗಳ ಹಿಂದಿರುವ ಕಲ್ಪನೆ ಇಷ್ಟೇ. ಓದಿ ನಂಬುವುದಲ್ಲ, ಮಾಡಿ ನೋಡುವುದು. ಕೇಳಲು ಸರಳವಾದ ಈ ಮಾತು ನಮ್ಮ ಊರುಗಳಿಗೆ ಬರಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಎಲ್ಲ ಮಕ್ಕಳಿಗೆ ಅದು ತಲುಪಿದೆಯೇ ಎಂಬುದು ಇಂದಿಗೂ ಪ್ರಶ್ನೆಯೇ.

ಎರಡು ಗ್ರಹಣಗಳ ನಡುವೆ

ವಿಜಯಪುರಕ್ಕೆ ವಿಜ್ಞಾನದ ಶಿಬಿರ ಹೊಸದೇನಲ್ಲ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಪಶ್ಚಿಮ ಕರಾವಳಿಯಿಂದ ಒಳನಾಡಿಗೆ ಹಾದು ಪೂರ್ವಕ್ಕೆ ಸರಿಯಿತು. ಆ ದಿನಕ್ಕಾಗಿ ಯುರೋಪಿನ ವಿಜ್ಞಾನಿಗಳು ತಿಂಗಳುಗಟ್ಟಲೆ ಸಿದ್ಧತೆ ನಡೆಸಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಬ್ರಿಟಿಷ್ ಅಧಿಕಾರಿ ಟೆನೆಂಟ್, ಮಚಲೀಪಟ್ಟಣದಲ್ಲಿ ಮದರಾಸಿನ ಪಾಗ್ಸನ್ ಬೀಡುಬಿಟ್ಟರು. ಖ್ಯಾತ ಖಗೋಳಜ್ಞ ಜಾನ್ ಹರ್ಷೆಲ್‌ರ ಮಗ, ಅದೇ ಹೆಸರಿನ ಲೆಫ್ಟಿನೆಂಟ್ ಹರ್ಷೆಲ್, ಜಮಖಂಡಿಗೆ ಬಂದು ಮಳೆಗಾಲದ ಮೋಡಗಳೊಡನೆ ಸೆಣಸಬೇಕಾಯಿತು. ಆಗ ಬಿಜಾಪುರವೆಂದು ಕರೆಯುತ್ತಿದ್ದ, ಕಲಾದಗಿ ಜಿಲ್ಲೆಗೆ ಸೇರಿದ್ದ ಈ ಊರಿನಲ್ಲಿ ಕ್ಯಾಪ್ಟನ್ ಹೇಗ್ ಇದ್ದರು.

ಹೇಗ್ ಕೈಯಲ್ಲಿದ್ದದ್ದು ದೊಡ್ಡ ಯಂತ್ರವೇನಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕಳುಹಿಸಿದ, ಕೈಯಲ್ಲಿ ಹಿಡಿಯುವ ಪುಟ್ಟ ರೋಹಿತದರ್ಶಕ. ಚಂದ್ರ ಸೂರ್ಯನನ್ನು ಪೂರ್ತಿ ಮರೆಮಾಡಿದಾಗ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳತ್ತ ಅದನ್ನು ಹಿಡಿದಾಗ ಎರಡು ಹೊಳೆವ ಪಟ್ಟಿಗಳು ಕಂಡವು. ಒಂದು ಗುಲಾಬಿಗೆಂಪು, ಇನ್ನೊಂದು ತಿಳಿ ಹೊಂಬಣ್ಣ. ಪಟ್ಟಿಗಳು ಬಿಡಿಬಿಡಿಯಾಗಿ ಹೊಳೆದವೆಂದರೆ ಆ ಜ್ವಾಲೆಗಳು ಕಾದ ಅನಿಲ ಎಂದು ಅರ್ಥ. ಅದೇ ದಿನ ಬೇರೆ ಶಿಬಿರಗಳಲ್ಲಿಯೂ ಹಳದಿ ಗೆರೆಯೊಂದು ಕಂಡಿತ್ತು; ಉಪ್ಪಿನಲ್ಲಿರುವ ಸೋಡಿಯಂನದೇ ಇರಬೇಕೆಂದು ಹಲವರು ಭಾವಿಸಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್, ಆ ಗೆರೆ ಸೋಡಿಯಂನ ಗೆರೆಗಳ ಹತ್ತಿರವಿದ್ದರೂ ಅವುಗಳ ಜಾಗದಲ್ಲಿಲ್ಲ ಎಂದು ತೋರಿಸಿದರು. ಭೂಮಿಯಲ್ಲಿ ಕಾಣದ ಆ ಧಾತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. ಅದು ಭೂಮಿಯಲ್ಲಿ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರ್‍ಯಾಮ್ಸೆಯವರ ಪ್ರಯೋಗಶಾಲೆಯಲ್ಲಿ.

ಜಗತ್ತಿನ ವಿಜ್ಞಾನ ಚರಿತ್ರೆಯ ಇಂಥದೊಂದು ಅಧ್ಯಾಯದಲ್ಲಿ ಬಿಜಾಪುರ, ಜಮಖಂಡಿಗಳ ಹೆಸರಿದೆ. ಆದರೆ ಅದು ಸ್ಥಳದ ಹೆಸರು ಮಾತ್ರ. ನೋಡಿದವರು, ಬರೆದವರು ಸರ್ಕಾರದ ಅಧಿಕಾರಿಗಳು. ಬರಹ ಓದಿದವರು ಲಂಡನ್ನಿನವರು. ಆಚೆಗಿನ ಶತಮಾನವೊಂದರ ಕಾಲ ಈ ಪ್ರದೇಶದ ಬಹುಪಾಲು ಜನರಿಗೆ ಗ್ರಹಣವೆಂದರೆ ಉಪವಾಸ, ಸ್ನಾನ, ಮುಚ್ಚಿದ ಬಾಗಿಲು.

ಇದು ಎಷ್ಟು ಆಳವಾಗಿತ್ತೆಂಬುದು 1980ರ ಫೆಬ್ರವರಿ 16ರಂದು ಗೊತ್ತಾಯಿತು. ಅಂದು ಪೂರ್ಣ ಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು; ಬಿಜಾಪುರದಲ್ಲಿ ಪಾರ್ಶ್ವ ಗ್ರಹಣ. ರಾಯಚೂರು ಜಿಲ್ಲೆಯ ಜವಳಗೇರಾದಂಥ ಹಳ್ಳಿಯಲ್ಲಿ ವಿಜ್ಞಾನಿಗಳು ಉಪಕರಣ ಜೋಡಿಸಿಕೊಂಡು ಆಕಾಶ ನೋಡುತ್ತಿದ್ದರೆ, ದೇಶದ ಊರೂರುಗಳ ಬೀದಿಗಳು ಕರ್ಫ್ಯೂ ಹಾಕಿದಂತೆ ಬರಿದಾಗಿದ್ದವು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬ ಸರಿಯಾದ ಎಚ್ಚರಿಕೆಗೂ ಗ್ರಹಣದ ಹೊತ್ತಿನಲ್ಲಿ ಹೊರಗೇ ಬರಬಾರದೆಂಬ ಹಳೆಯ ಅಂಜಿಕೆಗೂ ವ್ಯತ್ಯಾಸವೇ ಉಳಿಯಲಿಲ್ಲ. ಒಂದು ತಲೆಮಾರಿನ ಮಕ್ಕಳು ಜೀವಮಾನದಲ್ಲಿ ಒಮ್ಮೆ ಸಿಗುವ ನೋಟವನ್ನು ಕತ್ತಲೆ ಕೋಣೆಯಲ್ಲಿ ಕುಳಿತು ಕಳೆದುಕೊಂಡರು.

ಹದಿನೈದು ವರ್ಷಗಳ ಬಳಿಕ, 1995ರ ಅಕ್ಟೋಬರ್ 24ರ ಗ್ರಹಣದ ಹೊತ್ತಿಗೆ ಚಿತ್ರ ಬದಲಾಗಿತ್ತು. ಪೂರ್ಣ ಗ್ರಹಣ ಕಂಡದ್ದು ಉತ್ತರ ಭಾರತದಲ್ಲಿ. ಆದರೂ ವಿಜ್ಞಾನ ಸಂಘಟನೆಗಳು ದೇಶದ ಉದ್ದಗಲಕ್ಕೂ ಸುರಕ್ಷಿತ ಕನ್ನಡಕಗಳನ್ನು ಹಂಚಿದವು. ಕಾರ್ಡಿನಲ್ಲಿ ಸೂಜಿರಂಧ್ರ ಮಾಡಿ ಗೋಡೆಯ ಮೇಲೆ ಸೂರ್ಯಬಿಂಬ ಬೀಳಿಸುವುದನ್ನು ಮಕ್ಕಳಿಗೆ ಕಲಿಸಿದವು. ಅಂಗಳಕ್ಕೆ ಬಂದು ನೋಡಿದವರ ಸಂಖ್ಯೆ ಕಡಿಮೆಯೇನಿರಲಿಲ್ಲ. ಈ ಹದಿನೈದು ವರ್ಷಗಳಲ್ಲಿ ನಡೆದದ್ದಾದರೂ ಏನು?

ಓದುವ ವಿಜ್ಞಾನ, ಮಾಡುವ ವಿಜ್ಞಾನ

ಕನ್ನಡದಲ್ಲಿ ವಿಜ್ಞಾನ ಹೇಳುವ ಪ್ರಯತ್ನ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದ್ದರು. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. ಇವೆಲ್ಲ ದೊಡ್ಡ ಕೆಲಸಗಳು. ಆದರೆ ಓದುವ ಮಗುವಿನ ಕೈ ಖಾಲಿಯೇ ಇರುತ್ತಿತ್ತು.

ಇಂಗ್ಲೆಂಡಿನಲ್ಲಿ ಮೈಕೆಲ್ ಫ್ಯಾರಡೆ 1825ರಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ಆರಂಭಿಸಿದಾಗ ಒಂದು ಹೆಜ್ಜೆ ಮುಂದಿಟ್ಟಂತಾಗಿತ್ತು. ಒಂದು ಮೇಣದ ಬತ್ತಿಯನ್ನು ಹಿಡಿದು ಅವರು ಇಡೀ ರಸಾಯನಶಾಸ್ತ್ರವನ್ನು ತೋರಿಸಿದರು. ಅಲ್ಲಿಯೂ ಬತ್ತಿ ಇದ್ದದ್ದು ಫ್ಯಾರಡೆಯವರ ಕೈಯಲ್ಲಿ. ಮಕ್ಕಳು ಬೆಂಚಿನ ಮೇಲಿದ್ದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರ್ಯಾಂಕ್ ಒಪೆನ್‌ಹೈಮರ್ 1969ರಲ್ಲಿ ತೆರೆದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಸ್ತುಸಂಗ್ರಹಾಲಯದಲ್ಲಿ 'ಮುಟ್ಟಬೇಡಿ' ಎಂಬ ಫಲಕಕ್ಕೇ ಜಾಗವಿರಲಿಲ್ಲ.

ನಮ್ಮಲ್ಲಿ ಈ ದಾರಿ ಬೇರೆ ಬೇರೆ ಕಡೆಗಳಿಂದ ಒಮ್ಮೆಲೇ ತೆರೆಯಿತು. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1965ರಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಸಾರ್ವಜನಿಕರಿಗೆ ತೆರೆಯಿತು. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಯಂತ್ರದ ಒಳಗುಟ್ಟು ನೋಡುವ ಅವಕಾಶ ಶಾಲಾ ಮಕ್ಕಳಿಗೆ ಸಿಕ್ಕಿತು. ಬಸ್ಸಿನಲ್ಲಿ ಮಾದರಿಗಳನ್ನು ಹೇರಿಕೊಂಡು ಹಳ್ಳಿ ಶಾಲೆಗಳಿಗೆ ಹೋಗುವ ಸಂಚಾರಿ ಪ್ರದರ್ಶನಗಳೂ ಬಂದವು. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ 1966ರಲ್ಲಿ ಸಮುದಾಯ ವಿಜ್ಞಾನ ಕೇಂದ್ರ ಆರಂಭಿಸಿದರು.

ಎಲ್ಲಕ್ಕಿಂತ ದಿಟ್ಟ ಪ್ರಯೋಗ ನಡೆದದ್ದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ. 1972ರಲ್ಲಿ ಅಲ್ಲಿನ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪಾಠವಾಗಿ ಒಪ್ಪಿಸುವುದನ್ನು ಬಿಟ್ಟು, ಮಕ್ಕಳೇ ಗುಂಪಾಗಿ ಪ್ರಯೋಗ ಮಾಡಿ ಉತ್ತರ ಹುಡುಕುವ ಪದ್ಧತಿ ಜಾರಿಗೆ ಬಂತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು. ಬಾಯಿಪಾಠಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ತರಬೇತಿ ಶಿಬಿರ. ಮಕ್ಕಳಿಗಿಂತ ಮೊದಲು ಮೇಷ್ಟ್ರುಗಳೇ ಮಣ್ಣು, ಎಲೆ, ಬ್ಯಾಟರಿಗಳೊಡನೆ ಕುಳಿತು ಮಾಡಿ ನೋಡಬೇಕಿತ್ತು. ಈ ಕಾರ್ಯಕ್ರಮಕ್ಕೆ 1978ರಲ್ಲಿ ಬಂದ ಅರವಿಂದ ಗುಪ್ತಾ ಎಂಬ ಎಂಜಿನಿಯರ್, ವಾರದ ಸಂತೆಯಲ್ಲಿ ಸಿಗುವ ಸೈಕಲ್ ವಾಲ್ವಿನ ರಬ್ಬರ್ ಕೊಳವೆ ಮತ್ತು ಬೆಂಕಿಕಡ್ಡಿಗಳನ್ನು ಜೋಡಿಸಿ ತ್ರಿಕೋನ, ಘನ, ಮನೆಗಳನ್ನು ಕಟ್ಟುವುದನ್ನು ಕಲಿಸಿದರು. ಚೌಕ ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಸೇತುವೆಗಳಲ್ಲಿ, ಮನೆಯ ಮಾಡಿನಲ್ಲಿ ತ್ರಿಕೋನಗಳೇಕೆ ಎಂಬ ಪ್ರಶ್ನೆಗೆ ಉತ್ತರ ಕೆಲವೇ ಪೈಸೆಗಳಲ್ಲಿ ಸಿಕ್ಕಿತು.

ಕರ್ನಾಟಕದಲ್ಲಿ 1970ರ ದಶಕದ ಕೊನೆಯಲ್ಲಿ 'ಬಾಲ ವಿಜ್ಞಾನ' ಮಾಸಪತ್ರಿಕೆ, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬಂದವು. ಗುಲ್ಬರ್ಗದಲ್ಲಿ 1984ರಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ತೆರೆಯಿತು. ಭೋಪಾಲ್ ಅನಿಲ ದುರಂತ ನಡೆದದ್ದೂ ಅದೇ ವರ್ಷ. ವಿಜ್ಞಾನದ ವಿಷಯ ತಜ್ಞರಿಗಷ್ಟೇ ಸೇರಿದ್ದಲ್ಲ ಎಂಬುದನ್ನು ಅದು ಕ್ರೂರವಾಗಿ ಕಲಿಸಿತು. 1987ರ ಅಕ್ಟೋಬರ್ 2ರಂದು ದೇಶದ ಐದು ಕಡೆಗಳಿಂದ ಹೊರಟ ಭಾರತ ಜನ ವಿಜ್ಞಾನ ಜಾಥಾ, ಹಾಡು, ಬೀದಿ ನಾಟಕ, ಪ್ರಾತ್ಯಕ್ಷಿಕೆಗಳೊಂದಿಗೆ ಊರೂರು ಸುತ್ತಿ, ರಾಮನ್ ಜನ್ಮದಿನವಾದ ನವೆಂಬರ್ 7ರಂದು ಭೋಪಾಲದಲ್ಲೇ ಸಮಾವೇಶಗೊಂಡಿತು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇನ್ನೂ ಮುಂದೆ ಹೋಯಿತು. 10ರಿಂದ 17 ವಯಸ್ಸಿನ ಮಕ್ಕಳು ಗುಂಪುಕಟ್ಟಿ ತಮ್ಮ ಊರಿನದೇ ಸಮಸ್ಯೆಯೊಂದನ್ನು ಆರಿಸಿಕೊಂಡು, ಅಳೆದು, ವಿಚಾರಿಸಿ, ತಮ್ಮ ಭಾಷೆಯಲ್ಲೇ ವರದಿ ಮಂಡಿಸಬೇಕು. ಬಾವಿಯ ನೀರಿನ ಮಟ್ಟ, ಒಲೆಯ ಹೊಗೆ, ಊರಿನ ಗಿಡಮರಗಳು ವಿಜ್ಞಾನದ ವಸ್ತುಗಳಾದವು.

1980 ಮತ್ತು 1995ರ ಗ್ರಹಣಗಳ ನಡುವೆ ನಡೆದದ್ದು ಇದು. ಬಾಗಿಲು ತೆಗೆಸಿದ್ದು ಒಂದು ಭಾಷಣವಲ್ಲ, ನೂರಾರು ಸಣ್ಣ ಶಿಬಿರಗಳು.

ಶಿಬಿರ ಏಕೆ ಬೇಕು?

ಶಾಲೆಯಲ್ಲಿ ಪ್ರಯೋಗಾಲಯವಿರುವಾಗ ಬೇಸಿಗೆ ಶಿಬಿರವೇಕೆ ಎಂದು ಕೇಳಬಹುದು. ಎರಡರ ಗುಣ ಬೇರೆ. ಶಾಲೆಯ ಪ್ರಯೋಗಕ್ಕೆ ಉತ್ತರ ಮೊದಲೇ ಗೊತ್ತು. ಉತ್ತರ ಬರದಿದ್ದರೆ ಅಂಕ ಹೋಗುತ್ತದೆ. ಹೀಗಾಗಿ ಮಗು ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿದ್ದದ್ದನ್ನು ಬರೆಯಲು ಕಲಿಯುತ್ತದೆ. ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಶಿಬಿರದಲ್ಲಿ ಪರೀಕ್ಷೆಯಿಲ್ಲ, ನಲವತ್ತು ನಿಮಿಷದ ಗಂಟೆಯಿಲ್ಲ. ಬಲ್ಬು ಹತ್ತದಿದ್ದರೆ ಏಕೆ ಹತ್ತಲಿಲ್ಲವೆಂದು ಸಂಜೆಯವರೆಗೂ ಹುಡುಕಬಹುದು.

ಒಂದು ಉದಾಹರಣೆ ನೋಡಬಹುದು. ರಟ್ಟಿನ ಡಬ್ಬಿಯೊಂದರಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳು ಮಾಡಿ, ಒಳಗೆ ಹಳೆಯ ಸಿ.ಡಿ.ಯ ತುಂಡನ್ನು ಓರೆಯಾಗಿ ಅಂಟಿಸಿ, ಇಣುಕಲು ಒಂದು ತೂತು ಕೊರೆದರೆ ರೋಹಿತದರ್ಶಕ ಸಿದ್ಧ. ಹಳೆಯ ಗಾಜಿನ ಬಲ್ಬನ್ನು ನೋಡಿದರೆ ಕಾಮನಬಿಲ್ಲಿನ ಬಣ್ಣಗಳು ಒಂದರೊಳಗೊಂದು ಬೆರೆತು ಕಾಣುತ್ತವೆ. ಟ್ಯೂಬ್‌ಲೈಟನ್ನು ನೋಡಿದರೆ ಹಸಿರು, ನೇರಳೆ ಗೆರೆಗಳು ಬೇರೆಯಾಗಿ ಎದ್ದು ಕಾಣುತ್ತವೆ. ಅವು ಒಳಗಿರುವ ಪಾದರಸದ ಆವಿಯ ಸಹಿ. ಹಿರಿಯರ ಸಮ್ಮುಖದಲ್ಲಿ ಗ್ಯಾಸ್ ಜ್ವಾಲೆಗೆ ಚಿಟಿಕೆ ಉಪ್ಪು ಉದುರಿಸಿದರೆ ಹಳದಿ ಗೆರೆ ಝಗ್ಗನೆ ಹೊಳೆಯುತ್ತದೆ. 1868ರಲ್ಲಿ ವಿಜ್ಞಾನಿಗಳನ್ನು ಗೊಂದಲಕ್ಕೆ ಕೆಡವಿದ ಸೋಡಿಯಂ ಗೆರೆ ಇದೇ. ಸೂರ್ಯನತ್ತ ಮಾತ್ರ ಈ ಡಬ್ಬಿಯನ್ನು ನೇರವಾಗಿ ಹಿಡಿಯಬಾರದು, ಕಣ್ಣಿಗೆ ಅಪಾಯ. ರಾಯಲ್ ಸೊಸೈಟಿ ಹಡಗಿನಲ್ಲಿ ಕಳುಹಿಸಿದ ಉಪಕರಣದ ತತ್ವ ಇಂದು ರದ್ದಿ ಸಾಮಾನಿನಿಂದ ಮಗುವಿನ ಕೈಗೆ ಬರುತ್ತದೆ. ಆದರೆ ಅದನ್ನು ತೋರಿಸಿಕೊಡುವ ಒಬ್ಬರು ಬೇಕು, ತಪ್ಪಿದರೆ ನಗದ ಒಂದು ಗುಂಪು ಬೇಕು. ಶಿಬಿರ ಕೊಡುವುದು ಇವೆರಡನ್ನು.

ಈಗ ಅವಕಾಶಗಳು ಹೆಚ್ಚಿವೆ ಎಂಬುದು ನಿಜ. 1999ರಲ್ಲಿ ರಾಮ್‌ಜಿ ರಾಘವನ್ ಸ್ಥಾಪಿಸಿದ ಅಗಸ್ತ್ಯ ಪ್ರತಿಷ್ಠಾನ ಕುಪ್ಪಂ ಬಳಿ ದೊಡ್ಡ ಕೇಂದ್ರ ಕಟ್ಟಿಕೊಂಡು, ವ್ಯಾನುಗಳಲ್ಲಿ ಪ್ರಯೋಗಶಾಲೆಯನ್ನೇ ಸರ್ಕಾರಿ ಶಾಲೆಗಳ ಬಾಗಿಲಿಗೆ ಒಯ್ದಿತು. 2012ರಲ್ಲಿ ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ತೆರೆಯಿತು. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ನೆರವು ದೊರೆತು, 6ರಿಂದ 12ನೆಯ ತರಗತಿಯವರಿಗೆ ಸೆನ್ಸರು, ಮೋಟಾರು, ತ್ರಿ-ಡಿ ಪ್ರಿಂಟರುಗಳು ಬಂದವು. ಬಾಹ್ಯಾಕಾಶ ಸಂಸ್ಥೆ ಇಸ್ರೋ 2019ರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ 'ಯುವಿಕಾ' ಬೇಸಿಗೆ ಶಿಬಿರ ಆರಂಭಿಸಿತು. ಅದರ ಆಯ್ಕೆಯಲ್ಲಿ ಗ್ರಾಮೀಣ ಶಾಲೆಯವರಿಗೆ ಆದ್ಯತೆಯೂ ಇದೆ.

ಇದರ ಜೊತೆಗೆ ಇನ್ನೊಂದು ಬಗೆಯ ಶಿಬಿರವೂ ಬೆಳೆದಿದೆ. ಏಪ್ರಿಲ್ ಬಂತೆಂದರೆ ನಗರಗಳಲ್ಲಿ ರೋಬೋಟ್ ಜೋಡಿಸುವ, ಡ್ರೋನ್ ಹಾರಿಸುವ, ಕೋಡಿಂಗ್ ಕಲಿಸುವ ಬೇಸಿಗೆ ಶಿಬಿರಗಳ ಜಾಹೀರಾತು ಗೋಡೆ ತುಂಬುತ್ತದೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಶುಲ್ಕ ಕಟ್ಟಬಲ್ಲ ಮನೆಯ ಮಗುವಿಗಷ್ಟೇ ಅವು ತೆರೆದಿರುತ್ತವೆ. ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳನ್ನು ಪುಟದಲ್ಲಿ ತೋರಿಸಿದಂತೆ ಜೋಡಿಸಿದರೆ ರೋಬೋಟ್ ಓಡುತ್ತದೆ, ಫೋಟೋ ತೆಗೆದು ಪ್ರಮಾಣಪತ್ರ ಕೊಡಲಾಗುತ್ತದೆ. ಪ್ರಶ್ನೆ ಕೇಳುವ ಕೆಲಸ ಅಲ್ಲಿ ನಡೆಯದಿದ್ದರೆ ಅದು ಹೊಸ ಉಡುಪಿನ ಬಾಯಿಪಾಠವೇ ಸರಿ. ಸರ್ಕಾರಿ ಯೋಜನೆಗಳಿಗೂ ಬೇರೊಂದು ಅಪಾಯವಿದೆ. ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿದ್ದ ಹೋಶಂಗಾಬಾದ್ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರದ ಒಂದು ಆದೇಶ ನಿಲ್ಲಿಸಿತು. ಮೂವತ್ತು ವರ್ಷ ಕಟ್ಟಿದ್ದನ್ನು ಕೆಡವಲು ಒಂದು ಹಾಳೆ ಸಾಕಾಯಿತು.

ತಿಕೋಟಾ, ಬಬಲೇಶ್ವರದ ರಜೆ

ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ. ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ಊರುಗಳಿವು. ಇಲ್ಲಿನ ಅನೇಕ ಮಕ್ಕಳಿಗೆ ಬೇಸಿಗೆ ರಜೆಯೆಂದರೆ ಹೊಲದ ಕೆಲಸ, ದನಕರು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು. ಕೆಲವರಿಗೆ ದುಡಿಮೆ ಹುಡುಕಿ ಮಹಾರಾಷ್ಟ್ರ, ಗೋವಾಗಳಿಗೆ ಹೋಗುವ ಅಪ್ಪ ಅವ್ವನ ಜೊತೆಗಿನ ಗುಳೆ. ಹೆಣ್ಣುಮಕ್ಕಳಿಗಂತೂ ರಜೆ ಎಂದರೆ ಮನೆಗೆಲಸದ ಪಾಲು ಹೆಚ್ಚಾಗುವ ಕಾಲ. ಕಲಬುರಗಿಯ ಅಥವಾ ಧಾರವಾಡದ ವಿಜ್ಞಾನ ಕೇಂದ್ರ ನೋಡಿ ಬರಲು ಒಂದು ಇಡೀ ದಿನ ಮತ್ತು ಬಸ್ಸಿನ ಖರ್ಚು ಬೇಕು.

ಆದರೆ ವಿಜ್ಞಾನದ ಸಾಮಗ್ರಿಗೆ ಇಲ್ಲಿ ಬರವಿಲ್ಲ. ತಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡುಗಳಿವೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣದ ಪದರವಿರುತ್ತದೆ. ಹಣ್ಣಿನ ನೀರು ಆರದಂತೆ ಅದು ಕಾಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿದಾಗ ಆ ಪದರ ಸಡಿಲಗೊಂಡು ನೀರು ಬೇಗ ಹೊರಬರುತ್ತದೆ. ನೆರಳಿನಲ್ಲಿ, ಜಾಲರಿಯ ಅಂತಸ್ತುಗಳ ಮೇಲೆ, ಒಣಗಾಳಿಗೆ ಎರಡು ವಾರದಲ್ಲಿ ಹಣ್ಣು ಒಣಗುತ್ತದೆ. ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಒಣದ್ರಾಕ್ಷಿ. ಅದ್ದಿದ ಗೊಂಚಲು ಒಂದು, ಅದ್ದದ ಗೊಂಚಲು ಒಂದು ಕೇಳಿ ತಂದು, ತಕ್ಕಡಿಯಲ್ಲಿ ದಿನಕ್ಕೊಮ್ಮೆ ತೂಗಿ, ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದರೆ ಎರಡು ಗೆರೆಗಳು ಬೇರೆ ಬೇರೆ ವೇಗದಲ್ಲಿ ಇಳಿಯುವುದು ಕಾಣುತ್ತದೆ. ಆವಿಯಾಗುವಿಕೆ, ಮೇಲ್ಮೈ, ಗಾಳಿಯ ತೇವ ಎಲ್ಲವೂ ಆ ಹಾಳೆಯಲ್ಲಿವೆ. ಅಪ್ಪ ಅವ್ವ ಕೂಲಿಗೆ ಮಾಡುವ ಕೆಲಸದಲ್ಲಿ ರಸಾಯನಶಾಸ್ತ್ರವಿದೆ ಎಂದು ಆ ಮಗುವಿಗೆ ಗೊತ್ತಾಗುತ್ತದೆ. ಇದು ಸಣ್ಣ ಮಾತಲ್ಲ.

ನೀರಿನ ಪಾಠಕ್ಕೂ ಇದೇ ನೆಲ. ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆ ಕೃಷ್ಣೆಯ ನೀರನ್ನು ಪಂಪುಗಳಿಂದ ಎತ್ತಿ ಈ ಎತ್ತರದ ಬಯಲಿಗೆ ತರುತ್ತದೆ. ನಾನೂರು ವರ್ಷಗಳ ಹಿಂದೆ ವಿದ್ಯುತ್ತಿಲ್ಲದ ಆದಿಲಶಾಹಿಗಳು ಇಳಿಜಾರನ್ನೇ ನಂಬಿ ತೊರವಿಯ ಕಡೆಯಿಂದ ನೆಲದಡಿಯ ಕಾಲುವೆಗಳಲ್ಲಿ ನಗರಕ್ಕೆ ನೀರು ಹರಿಸಿದ್ದರು. 1620ರ ತಾಜ್ ಬಾವಡಿ, 1651ರ ಬೇಗಂ ತಾಲಾಬ್ ಇಂದಿಗೂ ಇವೆ. ಊರಿನಲ್ಲಿ ಅಲ್ಲಲ್ಲಿ ನಿಂತಿರುವ ಗಂಜ್ ಎಂಬ ಗೋಪುರಗಳನ್ನು ಹಲವರು ಕಾವಲು ಗೋಪುರವೆಂದು ತಿಳಿಯುತ್ತಾರೆ. ಅವು ನೀರಿನ ಒತ್ತಡ ತಗ್ಗಿಸಿ, ಮಣ್ಣಿನ ಕೊಳವೆಗಳು ಒಡೆಯದಂತೆ, ಹೂಳು ಕೆಳಗೆ ಕೂರುವಂತೆ ಮಾಡಿದ ವ್ಯವಸ್ಥೆ. ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ತೂತು ಕೊರೆದು ನೀರು ತುಂಬಿಸಿದ ಮಗು ಕೆಳಗಿನ ಧಾರೆಯ ಜೋರು ಕಂಡ ಮೇಲೆ, ಗಂಜ್ ಏಕೆ ಬೇಕಾಯಿತೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಶಿಬಿರಕ್ಕೆ ಬೇಕಾದದ್ದು ಲಕ್ಷಗಳ ಯಂತ್ರವಲ್ಲ. ರಜೆಯಲ್ಲಿ ಬೀಗ ಹಾಕಿರುವ ಶಾಲೆಯ ಒಂದು ಕೋಣೆ, ಬಿಸಿಲು ಏರುವ ಮುನ್ನ ಬೆಳಗಿನ ಮೂರು ತಾಸು, ಮಕ್ಕಳ ಮಧ್ಯಾಹ್ನದ ಊಟ, ಮತ್ತು ಪ್ರಶ್ನೆಗೆ ಸಿಡಿಮಿಡಿಗೊಳ್ಳದ ಇಬ್ಬರು ಶಿಕ್ಷಕರು. ಆ ಶಿಕ್ಷಕರಿಗೆ ಮೊದಲು ಇದೇ ರೀತಿಯ ತರಬೇತಿ ಸಿಗಬೇಕು, ರಜೆಯ ದುಡಿಮೆಗೆ ಗೌರವಧನವೂ ಸಿಗಬೇಕು. ಹೆಣ್ಣುಮಕ್ಕಳು ಬರಬೇಕಾದರೆ ಶಿಬಿರ ಅವರ ಊರಿನಲ್ಲೇ ನಡೆಯಬೇಕು; ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬಂದ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಬಾರದು. ಭಾಷೆ ಕನ್ನಡವಾಗಿರಬೇಕು. ಹೋಶಂಗಾಬಾದಿನಿಂದ ಮಕ್ಕಳ ಸಮಾವೇಶದವರೆಗಿನ ಅನುಭವ ಹೇಳುವುದು ಇದನ್ನೇ.

2031ರ ಮೇ 21ರಂದು ಕಂಕಣ ಸೂರ್ಯಗ್ರಹಣದ ಹಾದಿ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗಲಿದೆ. ವಿಜಯಪುರದಲ್ಲಿ ಪಾರ್ಶ್ವ ಗ್ರಹಣ ಕಾಣುತ್ತದೆ. ಅದು ಬೇಸಿಗೆ ರಜೆಯ ದಿನ. ಇಂದಿನ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಹಲವರು ಆಗ ಹೈಸ್ಕೂಲಿನಲ್ಲಿರುತ್ತಾರೆ. 1868ರಲ್ಲಿ ಈ ನೆಲದಿಂದ ಗ್ರಹಣ ನೋಡಿ ಬರೆದವರು ದೂರದಿಂದ ಬಂದ ಅಧಿಕಾರಿಗಳು. 1980ರಲ್ಲಿ ಈ ನೆಲದ ಮಕ್ಕಳು ಬಾಗಿಲು ಹಾಕಿಕೊಂಡಿದ್ದರು. 2031ರ ಆ ದಿನ ತಿಕೋಟಾದ ಶಾಲೆಯಂಗಳದಲ್ಲಿ ಸೂಜಿರಂಧ್ರದ ರಟ್ಟು ಹಿಡಿದು, ಗೋಡೆಯ ಮೇಲಿನ ಸೂರ್ಯಬಿಂಬದ ಅಂಚನ್ನು ಐದು ನಿಮಿಷಕ್ಕೊಮ್ಮೆ ಪೆನ್ಸಿಲ್ಲಿನಿಂದ ಗುರುತಿಸುತ್ತ, ಪಕ್ಕದಲ್ಲಿ ಹೊತ್ತು ಬರೆದಿಡುವವರು ಇರುತ್ತಾರೆಯೇ? ಆ ಮಕ್ಕಳ ಹೆಸರು ಈಗಲೇ ಶಾಲೆಯ ಹಾಜರಿ ಪುಸ್ತಕದಲ್ಲಿದೆ.